ಸಾಕ್ಷ್ಯದ ತೂಕ: ಮನಗೂಳಿ ಮತ್ತು ಅರ್ಜುನವಾಡದ ಶಾಸನಗಳನ್ನು ಕುರಿತು ಒಂದು ವಿಮರ್ಶೆ

ಇತಿಹಾಸವನ್ನು ಅಭ್ಯಾಸ ಮಾಡುವ ವಿದ್ಯಾರ್ಥಿಗಳಲ್ಲಿ ಒಂದು ನಂಬಿಕೆ ಬಹುಬೇಗ ಬೇರೂರುತ್ತದೆ. ಶಾಸನ ಹೇಳಿದುದು ಸತ್ಯ, ಕಾವ್ಯ ಹೇಳಿದುದು ಕಲ್ಪನೆ, ಜನ ಹೇಳಿದುದು ಕಟ್ಟುಕಥೆ ಎಂಬುದೇ ಆ ನಂಬಿಕೆ. ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಇದನ್ನು ನಾವು ವರುಷ ವರುಷವೂ ಕಾಣುತ್ತಿದ್ದೇವೆ. ಅದಕ್ಕೆ ಕಾರಣರು ವಿದ್ಯಾರ್ಥಿಗಳಷ್ಟೇ ಅಲ್ಲ, ಕಲಿಸುವ ನಾವೂ ಹೌದು. ಸಾಕ್ಷ್ಯಗಳನ್ನು ಮೇಲುಕೀಳೆಂದು ಸಾಲಾಗಿ ನಿಲ್ಲಿಸಿ ಕಲಿಸುವುದು ಸುಲಭ. ಪ್ರತಿಯೊಂದನ್ನೂ ತೂಗಿ ನೋಡಲು ಕಲಿಸುವುದು ಕಷ್ಟ. ಈ ಲೇಖನದಲ್ಲಿ ಬಸವೇಶ್ವರರ ಚರಿತ್ರೆಗೆ ಸಂಬಂಧಿಸಿದ ಕೆಲವು ಪ್ರಸಿದ್ಧ ಆಧಾರಗಳನ್ನು ಮುಂದಿಟ್ಟುಕೊಂಡು, ಇತಿಹಾಸಕಾರ, ನ್ಯಾಯವಾದಿ, ಗ್ರಂಥಸಂಪಾದಕ, ತಾರ್ಕಿಕ ಇವರು ಒಂದೇ ವಸ್ತುವನ್ನು ಹೇಗೆ ಬೇರೆ ಬೇರೆ ತಕ್ಕಡಿಗಳಲ್ಲಿ ತೂಗುವರೆಂಬುದನ್ನು ಪರಿಶೀಲಿಸಲು ಯತ್ನಿಸುತ್ತೇವೆ. ಹೊಸ ಶಾಸನವೊಂದನ್ನು ಬೆಳಕಿಗೆ ತಂದಿದ್ದೇವೆಂಬ ಹೆಮ್ಮೆ ನಮಗಿಲ್ಲ. ಬಲ್ಲ ಆಧಾರಗಳನ್ನೇ ಮತ್ತೊಮ್ಮೆ ಓದುವುದಷ್ಟೇ ಇಲ್ಲಿಯ ಉದ್ದೇಶ.

1. ಮನಗೂಳಿಯ ಬಸವ

ಬಸವನ ಬಾಗೇವಾಡಿ ತಾಲೂಕಿನ ಮನಗೂಳಿ ಹನ್ನೆರಡನೆಯ ಶತಮಾನದಲ್ಲಿ ಮಣಿಗವಳ್ಳಿಯೆಂಬ ಹೆಸರಿನ ಊರಾಗಿದ್ದಿತು. ಅಲ್ಲಿ ದೊರೆತ, ಕಳಚುರಿ ಬಿಜ್ಜಳನ ಆಳ್ವಿಕೆಗೆ ಸೇರಿದ ಕ್ರಿ.ಶ. 1161ರ ದಾಖಲೆಯಲ್ಲಿ ಬಸವನೆಂಬ ಒಬ್ಬ ಧರ್ಮಿಷ್ಠನ ಉಲ್ಲೇಖವಿದೆ. ಅವನು ರೇವದಾಸನ ಮೊಮ್ಮಗ, ಚಂದಿರಾಜನ ಮಗ, ದೇವಾಲಯವನ್ನು ಕಟ್ಟಿಸಿದವನು. ಮಾದಿರಾಜನೆಂಬವನು ಆಗ ಆ ಊರಿನ ಮಹಾಪ್ರಭುವಾಗಿದ್ದನೆಂದೂ ಅಲ್ಲಿಯೇ ತಿಳಿದುಬರುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಈ ಶಾಸನವನ್ನು ಅಭ್ಯಸಿಸಿದ ಜೆ.ಎಫ್. ಫ್ಲೀಟರು ಇವನನ್ನೇ ವೀರಶೈವ ಪರಂಪರೆಯ ಬಸವನೆಂದು ಗುರುತಿಸಲು ಒಲವು ತೋರಿದರು.

ಅವರ ಒಲವನ್ನು ನಾವು ಹಗುರಾಗಿ ಕಾಣಬಾರದು. ಹೆಸರು ಬಸವ, ಕಾಲ ಬಿಜ್ಜಳನದು, ಪ್ರದೇಶ ಬಾಗೇವಾಡಿಯ ನೆರೆಹೊರೆ; ಮಾದಿರಾಜನೆಂಬ ಹೆಸರು ಕೂಡ ಅದೇ ಕಲ್ಲಿನ ಮೇಲೆ ಇದೆ. ಪುರಾಣಗಳ ಪವಾಡಗಳಿಂದ ಬೇಸತ್ತ ವಿದ್ವಾಂಸನಿಗೆ ಸಮಕಾಲೀನವಾದ ಕಲ್ಲೊಂದು ಸಿಕ್ಕಿದಾಗ ಆಗುವ ಸಂತೋಷವನ್ನು ಊಹಿಸಬಹುದು. ಕೂಟಶಾಸನಗಳನ್ನು ಬಯಲಿಗೆಳೆಯುವುದರಲ್ಲಿ ಫ್ಲೀಟರಷ್ಟು ನಿಷ್ಠುರರಾದವರು ಅವರ ಕಾಲದಲ್ಲಿ ವಿರಳ. ಹಾಗಿದ್ದೂ ಈ ಗುರುತು ಮುಂದಿನ ವಿದ್ವಾಂಸರ ಒಪ್ಪಿಗೆಯನ್ನು ಪಡೆಯಲಿಲ್ಲ. ಏಕೆಂಬುದನ್ನು ವಿಚಾರಿಸಬೇಕು.

ಮೊದಲನೆಯದು ತಂದೆಯ ಹೆಸರು. ಹರಿಹರನ ರಗಳೆ ಮೊದಲ್ಗೊಂಡು ಪಾಲ್ಕುರಿಕೆ ಸೋಮನಾಥನ ತೆಲುಗು ಪುರಾಣ, ಕ್ರಿ.ಶ. 1369ರ ಭೀಮಕವಿಯ ಬಸವಪುರಾಣ ಇವುಗಳವರೆಗೆ ಬಸವನ ತಂದೆ ಮಾದರಸ ಅಥವಾ ಮಾದಿರಾಜ. ಮನಗೂಳಿಯ ಬಸವನ ತಂದೆಯಾದರೋ ಚಂದಿರಾಜ. ಶಾಸನದಲ್ಲಿ ಮಾದಿರಾಜನಿದ್ದಾನೆ, ನಿಜ. ಆದರೆ ಆತ ಬಸವನ ತಂದೆಯಾಗಿ ಅಲ್ಲ, ಊರಿನ ಒಡೆಯನಾಗಿ ಇದ್ದಾನೆ. ಒಂದೇ ಕಲ್ಲಿನ ಮೇಲೆ ಎರಡು ಹೆಸರುಗಳಿದ್ದ ಮಾತ್ರಕ್ಕೆ ಅವುಗಳ ನಡುವೆ ನಮಗೆ ಬೇಕಾದ ಸಂಬಂಧವೂ ಇದ್ದೇ ತೀರಬೇಕೆಂಬ ನಿಯಮವಿಲ್ಲ.

ಎರಡನೆಯದು ಹೆಚ್ಚು ಮುಖ್ಯವಾದದು. ಬಸವ, ಮಾದಿರಾಜ ಇವು ಆ ಕಾಲದ ಶೈವ ಸಮಾಜದಲ್ಲಿ ಅಪರೂಪದ ಹೆಸರುಗಳಲ್ಲ. ಸಂಭಾವ್ಯತೆಯನ್ನು ಅಭ್ಯಸಿಸುವ ಗಣಿತಜ್ಞರು ಇಂತಲ್ಲಿ ಮೊದಲು ಕೇಳುವ ಪ್ರಶ್ನೆ ಇದು: ಈ ಹೆಸರಿನವರು ಆ ನಾಡಿನಲ್ಲಿ ಎಷ್ಟು ಮಂದಿ ಇದ್ದಿರಬಹುದು? ಹೆಸರು ವಿರಳವಾಗಿದ್ದರೆ ಹೊಂದಿಕೆಗೆ ಬೆಲೆ ಹೆಚ್ಚು; ಊರಿಗೆ ಹತ್ತು ಜನರಿದ್ದರೆ ಬೆಲೆ ಕಡಿಮೆ. ಕಲ್ಲಿನ ಗಟ್ಟಿತನಕ್ಕೂ ಹೊಂದಿಕೆಯ ಗಟ್ಟಿತನಕ್ಕೂ ಸಂಬಂಧವಿಲ್ಲ. ಮನಗೂಳಿಯ ಶಾಸನ ಸಂಪೂರ್ಣ ಪ್ರಾಮಾಣಿಕವಾದುದೇ. ಅದು ಹೇಳುವ ಬಸವ ಇದ್ದೇ ಇದ್ದನು. ತಪ್ಪಿದುದು ಶಾಸನವಲ್ಲ, ಶಾಸನದಿಂದ ನಮ್ಮ ಬಯಕೆಗೆ ಹಾಕಿದ ಸೇತುವೆ.

ಇಲ್ಲಿ ನಮ್ಮ ತಪ್ಪೊಂದನ್ನು ಒಪ್ಪಿಕೊಳ್ಳುವುದು ಯುಕ್ತ. ಅಧ್ಯಾಪನದ ಮೊದಲ ವರ್ಷಗಳಲ್ಲಿ ನಾವೂ ಮನಗೂಳಿಯ ಕಲ್ಲನ್ನು ಬಸವೇಶ್ವರರ ಸಮಕಾಲೀನ ಸಾಕ್ಷಿಯೆಂದು ತರಗತಿಯಲ್ಲಿ ಧೈರ್ಯದಿಂದ ಹೇಳಿದ್ದುಂಟು. 1161 ಎಂಬ ಇಸವಿಯ ಸ್ಪಷ್ಟತೆಯೇ ನಮ್ಮನ್ನು ಮರುಳುಗೊಳಿಸಿತ್ತು. ಬಾಗೇವಾಡಿ ಕಡೆಯ ವಿದ್ಯಾರ್ಥಿಯೊಬ್ಬನು, ‘ಹಾಗಾದರೆ ಚಂದಿರಾಜ ಯಾರು?’ ಎಂದು ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ. ಆ ಪ್ರಶ್ನೆಯೇ ಈ ಲೇಖನದ ಬೀಜ.

2. ಅರ್ಜುನವಾಡದ ಶಾಸನ

ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲೂಕಿನ ಅರ್ಜುನವಾಡದ ಶಾಸನ ಸೇವುಣ ಅರಸ ಕನ್ನರನ ಕಾಲದ್ದು, ಕ್ರಿ.ಶ. 1260ಕ್ಕೆ ಸೇರುತ್ತದೆ. ಇದು ಬಸವರಾಜನನ್ನು ತರ್ದವಾಡಿ ನಾಡಿನ ನಡುವಣ ಬಾಗವಾಡಿಯ ಒಡೆಯ ಮಾದಿರಾಜನ ಮಗನೆಂದು ಹೇಳುತ್ತದೆ. ಅವನ ಮನೆತನದಲ್ಲಿ ಮುಂದೆ ಬಂದ ಹಾಲಬಸವಿದೇವನ ಪ್ರಸ್ತಾಪವೂ ಅದರಲ್ಲಿದೆ. ಡಾ. ಪಿ.ಬಿ. ದೇಸಾಯಿಯವರು 1968ರಲ್ಲಿ ಹೊರತಂದ ಬಸವೇಶ್ವರ ಮತ್ತು ಅವರ ಕಾಲವನ್ನು ಕುರಿತ ಆಂಗ್ಲ ಗ್ರಂಥದಲ್ಲಿ ಈ ಶಾಸನಕ್ಕೆ ದೊಡ್ಡ ಸ್ಥಾನ ದೊರೆತಿದೆ. ಬಸವನ ಐತಿಹಾಸಿಕತೆಯನ್ನೇ ಶಂಕಿಸುತ್ತಿದ್ದವರಿಗೆ ಇದು ತಕ್ಕ ಉತ್ತರವಾಯಿತು.

ಈ ಶಾಸನ ಸಮಕಾಲೀನವಲ್ಲ. ಬಸವನು ಲಿಂಗೈಕ್ಯನಾದುದು 1167–68ರ ಸುಮಾರಿಗೆ ಎಂದು ಹಿಡಿದರೆ, ಕಲ್ಲು ಕಂಡರಿಸುವ ಹೊತ್ತಿಗೆ ತೊಂಬತ್ತು ವರುಷಗಳಿಗೂ ಮಿಕ್ಕಿ ಸಂದಿದ್ದವು. ಹಾಗಾದರೆ 1161ರ ಶಾಸನಕ್ಕಿಂತ 1260ರ ಶಾಸನ ಹೇಗೆ ಹೆಚ್ಚು ತೂಗುತ್ತದೆ? ಇದೇ ನಮ್ಮ ವಿಚಾರದ ತಿರುಳು. ಹತ್ತಿರದ ಕಾಲದ ಸಾಕ್ಷಿ ದೂರದ ಕಾಲದ ಸಾಕ್ಷಿಗಿಂತ ಮೇಲು ಎಂಬುದು ಸಾಮಾನ್ಯ ಸೂತ್ರ. ಆದರೆ ಆ ಸೂತ್ರ ಅನ್ವಯಿಸುವುದು ಎರಡು ಸಾಕ್ಷಿಗಳೂ ಒಂದೇ ಸಂಗತಿಯನ್ನು ಕುರಿತು ನುಡಿಯುತ್ತಿದ್ದಾಗ ಮಾತ್ರ. ಮನಗೂಳಿಯ ಸಾಕ್ಷಿ ಹತ್ತಿರದವನು, ಆದರೆ ಬೇರೊಬ್ಬನನ್ನು ಕುರಿತು ಹೇಳುತ್ತಿದ್ದಾನೆ. ಅರ್ಜುನವಾಡದವನು ದೂರದವನು, ಆದರೆ ನಮಗೆ ಬೇಕಾದವನನ್ನು ಕುರಿತೇ ಹೇಳುತ್ತಿದ್ದಾನೆ.

ಆ ಮಾತನ್ನಾದರೂ ಎಲ್ಲವನ್ನೂ ಒಂದೇ ಬೆಲೆಗೆ ಕೊಳ್ಳುವಂತಿಲ್ಲ. ಶಾಸನದೊಳಗೆ ಬಸವನ ಮಹಿಮೆಯ ವರ್ಣನೆಯಿದೆ, ವಂಶದ ಮಾತಿದೆ, ಊರಿನ ನಿರ್ದೇಶವಿದೆ. ಮಹಿಮೆಯ ವರ್ಣನೆ ಭಕ್ತಿಯ ಮಾತು. ಅದು 1260ರ ಹೊತ್ತಿಗೆ ಬಸವನ ಕೀರ್ತಿ ಎಷ್ಟು ಹಬ್ಬಿತ್ತೆಂಬುದಕ್ಕೆ ಸಾಕ್ಷಿಯಾಗುತ್ತದೆ, ಬಸವನ ಬದುಕಿಗೆ ಅಲ್ಲ. ವಂಶದ ಮಾತಿಗೆ ಹೆಚ್ಚು ಬೆಲೆಯಿದೆ. ಆದರೂ ಕೀರ್ತಿವಂತ ಪೂರ್ವಜನೊಡನೆ ನಂಟು ಹೇಳಿಕೊಳ್ಳುವುದರಲ್ಲಿ ಮನೆತನಕ್ಕೆ ಲಾಭವಿದೆಯೆಂಬುದನ್ನು ಮರೆಯಲಾಗದು. ಎಲ್ಲಕ್ಕಿಂತ ನಿರ್ಲಿಪ್ತವಾದುದು ಊರಿನ ನಿರ್ದೇಶ. ಬಾಗೇವಾಡಿಯೆಂಬ ಹೆಸರಿನ ಊರು ಬೆಳಗಾವಿಯ ಸಮೀಪದಲ್ಲಿಯೂ ಇದೆ. ಶಾಸನ ನೆಟ್ಟಿರುವುದು ಬೆಳಗಾವಿ ಸೀಮೆಯಲ್ಲಿ. ತನ್ನ ಊರಿಗೆ ಹೆಸರು ತರಬೇಕೆಂಬ ಹಂಬಲವಿದ್ದಿದ್ದರೆ ಶಾಸನಕಾರನು ಹತ್ತಿರದ ಬಾಗೇವಾಡಿಯನ್ನೇ ಹೇಳಬಹುದಾಗಿತ್ತು. ಇಲ್ಲವೆ ಊರಿನ ಹೆಸರಷ್ಟನ್ನೇ ಹೇಳಿ ಸುಮ್ಮನಾಗಬಹುದಾಗಿತ್ತು. ಅವನು ತರ್ದವಾಡಿ ನಾಡಿನದೆಂದು ಬಿಡಿಸಿ ಹೇಳಿದ್ದಾನೆ. ತರ್ದವಾಡಿ ಇಂದಿನ ಭೀಮಾತೀರದ ತದ್ದೇವಾಡಿ. ಸಾಕ್ಷಿಗೆ ಯಾವ ಲಾಭವೂ ಇಲ್ಲದೆ, ಮಾತಿನ ನಡುವೆ ಸಹಜವಾಗಿ ಬಂದ ಇಂತಹ ವಿವರವೇ ಹಲವು ವೇಳೆ ಇಡೀ ಹೇಳಿಕೆಯಲ್ಲಿ ಹೆಚ್ಚು ಬೆಲೆಯುಳ್ಳದ್ದಾಗಿರುತ್ತದೆ.

ಕಾವ್ಯ ಮತ್ತು ಕಲ್ಲು ತಂದೆಯ ಹೆಸರಿನಲ್ಲಿ ಒಮ್ಮತವಾಗಿವೆ. ಇದನ್ನು ಎರಡು ಸಾಕ್ಷಿಗಳೆಂದು ಎಣಿಸೋಣವೆ? ಇಲ್ಲಿಯೂ ಎಚ್ಚರ ಬೇಕು. ಹರಿಹರನ ಕಾಲ 1200ರ ಸುಮಾರೆಂಬುದು ಸಾಮಾನ್ಯವಾದ ಅಭಿಪ್ರಾಯ. ಶಾಸನ ಅದಕ್ಕಿಂತ ಈಚಿನದು. ಇಬ್ಬರೂ ಒಂದೇ ಭಕ್ತಪರಂಪರೆಯ ಬಾಯಿಂದ ಕೇಳಿದವರಾಗಿದ್ದರೆ, ಎಣಿಕೆಯಲ್ಲಿ ಎರಡಾದರೂ ತೂಕದಲ್ಲಿ ಒಂದೇ. ಆದರೆ ಹರಿಹರನು ಹಂಪೆಯವನು. ಶಾಸನ ಹುಕ್ಕೇರಿ ಸೀಮೆಯದು. ಒಂದು ಭಕ್ತಿಕಾವ್ಯ, ಇನ್ನೊಂದು ದತ್ತಿಯ ದಾಖಲೆ. ಉದ್ದೇಶವೂ ನೆಲೆಯೂ ಬೇರೆಯಾದುದರಿಂದ ಅವುಗಳ ಒಮ್ಮತಕ್ಕೆ ಬೆಲೆ ಹೆಚ್ಚುತ್ತದೆ. ಎರಡು ಪೂರ್ಣ ಸಾಕ್ಷಿಗಳಲ್ಲ, ಒಂದಕ್ಕಿಂತ ಹೆಚ್ಚು ಎನ್ನುವುದು ನ್ಯಾಯವಾದ ಮಾತು.

3. ಅಬ್ಬಲೂರಿನ ಮೌನ

ಹಿರೇಕೆರೂರು ತಾಲೂಕಿನ ಅಬ್ಬಲೂರಿನಲ್ಲಿ ಏಕಾಂತದ ರಾಮಯ್ಯನ ಚರಿತ್ರೆಯನ್ನು ಹೇಳುವ 1200ರ ಸುಮಾರಿನ ಶಾಸನವಿದೆ. ಜೈನರೊಡನೆ ಆದ ವಾದ, ಶಿರಸ್ಸನ್ನು ಕತ್ತರಿಸಿ ಮರಳಿ ಪಡೆದ ಪವಾಡ, ಬಿಜ್ಜಳನು ಕೊಟ್ಟ ಜಯಪತ್ರ, ಮುಂದೆ ನಾಲ್ಕನೆಯ ಸೋಮೇಶ್ವರ ಮತ್ತು ಹಾನಗಲ್ಲಿನ ಕದಂಬ ಕಾಮದೇವರು ತೋರಿದ ಗೌರವ ಇವೆಲ್ಲ ಅಲ್ಲಿವೆ. ಬಸವನ ಹೆಸರಿಲ್ಲ. ಬಿಜ್ಜಳನ ಕಾಲದ ಶೈವಧರ್ಮದ ಪ್ರಮುಖ ಘಟನೆಯನ್ನು ಹೇಳುವ ಶಾಸನದಲ್ಲಿ ಬಸವನಿಲ್ಲದಿದ್ದರೆ, ಪುರಾಣಗಳು ಅವನಿಗೆ ಕೊಟ್ಟ ಸ್ಥಾನ ಉತ್ಪ್ರೇಕ್ಷೆಯೆಂದು ವಾದಿಸಿದವರುಂಟು.

ಮೌನವನ್ನು ಸಾಕ್ಷ್ಯವಾಗಿ ಬಳಸುವ ಈ ಕ್ರಮವನ್ನು ಕುರಿತು ನಮ್ಮ ತಾರ್ಕಿಕರು ಬಹು ಹಿಂದೆಯೇ ಸೂಕ್ಷ್ಮವಾಗಿ ವಿಚಾರ ಮಾಡಿದ್ದಾರೆ. ಚಾರ್ವಾಕನಿಗೆ ಪ್ರತ್ಯಕ್ಷವೊಂದೇ ಪ್ರಮಾಣ. ನೈಯಾಯಿಕನಿಗೆ ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು. ಭಾಟ್ಟ ಮೀಮಾಂಸಕನು ಅರ್ಥಾಪತ್ತಿ, ಅನುಪಲಬ್ಧಿಗಳನ್ನು ಕೂಡಿಸಿ ಆರನ್ನು ಒಪ್ಪುತ್ತಾನೆ. ಅನುಪಲಬ್ಧಿಯೆಂದರೆ ಕಾಣದಿರುವುದು. ಕಾಣದಿರುವುದೂ ಒಂದು ಪ್ರಮಾಣವೆಂದು ಒಪ್ಪಿದವರು ಅದಕ್ಕೆ ಒಂದು ಕಟ್ಟುಪಾಡನ್ನು ಹಾಕಿದರು: ವಸ್ತು ಇದ್ದಿದ್ದರೆ ಅದು ಕಾಣಿಸಲೇಬೇಕಾದಂತಹ ಸ್ಥಿತಿ ಇರಬೇಕು. ಬೆಳಕಿರುವ ಕೋಣೆಯಲ್ಲಿ ಕೊಡ ಕಾಣದಿದ್ದರೆ ಕೊಡವಿಲ್ಲ. ಕತ್ತಲೆಯ ಕೋಣೆಯಲ್ಲಿ ಕಾಣದಿದ್ದರೆ ಏನನ್ನೂ ಹೇಳಲಾಗದು.

ಅಬ್ಬಲೂರಿನ ಕೋಣೆಯಲ್ಲಿ ಬೆಳಕು ಎಷ್ಟಿದೆ? ಆ ಶಾಸನದ ಕೆಲಸ ರಾಮಯ್ಯನ ವಿಜಯವನ್ನೂ ಅವನ ದೇವರಿಗೆ ಬಂದ ದತ್ತಿಗಳನ್ನೂ ದಾಖಲಿಸುವುದು. ಕಲ್ಯಾಣದ ಅಧಿಕಾರಿಯೊಬ್ಬನನ್ನು ಹೆಸರಿಸಬೇಕಾದ ಸಂದರ್ಭ ಅದರಲ್ಲಿ ಇಲ್ಲ. ಆದುದರಿಂದ ಅಲ್ಲಿಯ ಮೌನಕ್ಕೆ ತೂಕ ಕಡಿಮೆ. ಇದೇ ನಿಯಮ ನಮ್ಮ ಇಷ್ಟಕ್ಕೆ ವಿರೋಧವಾಗಿಯೂ ನಡೆಯಬೇಕು. ಬಿಜ್ಜಳನ ಆಡಳಿತಕ್ಕೆ ಸಂಬಂಧಿಸಿದ, ಭಂಡಾರದ ಅಧಿಕಾರಿಗಳನ್ನು ಹೆಸರಿಸುವ ಶಾಸನವಿದ್ದಲ್ಲಿ ಅಲ್ಲಿಯ ಮೌನವನ್ನು ನಾವು ಹೀಗೆ ಸುಲಭವಾಗಿ ತಳ್ಳಿಹಾಕುವಂತಿಲ್ಲ. ಒಪ್ಪಿತವಾದಾಗ ಹಿಡಿದು, ಒಪ್ಪಿತವಾಗದಾಗ ಬಿಡುವುದು ನಿಯಮವಲ್ಲ, ವಕೀಲಿಕೆ.

4. ನ್ಯಾಯಾಲಯದ ತಕ್ಕಡಿ

ವಕೀಲಿಕೆಯೆಂಬ ಮಾತನ್ನು ಹೀಗೆ ಹೀಯಾಳಿಕೆಯಾಗಿ ಬಳಸಿದುದಕ್ಕೆ ಕ್ಷಮೆ ಬೇಡಬೇಕು. ಏಕೆಂದರೆ ವಚನಸಾಹಿತ್ಯದ ಮಹೋಪಕಾರಿ ಡಾ. ಫ.ಗು. ಹಳಕಟ್ಟಿಯವರು ವೃತ್ತಿಯಿಂದ ವಕೀಲರು. ವಿಜಾಪುರದಲ್ಲಿ ವಕೀಲಿ ಮಾಡುತ್ತ ತಾಳೆಯೋಲೆಗಳನ್ನು ಸಂಗ್ರಹಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿ, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದವರು ಅವರು. ದಿನವೂ ಸಾಕ್ಷಿಗಳ ಪಾಟೀಸವಾಲು ಮಾಡುತ್ತಿದ್ದವರ ಕೈಗೆ ಈ ಓಲೆಗಳು ಬಂದುದು ಅರ್ಥಪೂರ್ಣವಾದ ಸಂಗತಿ.

ಹಳಕಟ್ಟಿಯವರು ಬಳಸುತ್ತಿದ್ದ 1872ರ ಭಾರತೀಯ ಸಾಕ್ಷ್ಯ ಅಧಿನಿಯಮ 2024ರ ಜುಲೈ 1ರಿಂದ ಹೊಸ ಅಧಿನಿಯಮಕ್ಕೆ ಎಡೆಮಾಡಿಕೊಟ್ಟಿತು. ಅದರ ಮುಖ್ಯ ತತ್ತ್ವಗಳು ಹೊಸದರಲ್ಲಿಯೂ ಉಳಿದಿವೆ. ಅವುಗಳಲ್ಲಿ ಮೂರು ಇತಿಹಾಸದ ವಿದ್ಯಾರ್ಥಿಗೆ ನೇರವಾಗಿ ಸಂಬಂಧಿಸಿದವು.

ಕೇಳಿಕೆಯ ಮಾತು ಸಾಕ್ಷ್ಯವಲ್ಲ ಎಂಬುದು ಸಾಮಾನ್ಯ ನಿಯಮ. ಆದರೆ ಮೃತರ ಬಂಧುತ್ವವನ್ನು ಕುರಿತ ವಿಷಯದಲ್ಲಿ ಕಾಯಿದೆ ಈ ನಿಯಮವನ್ನು ಸಡಿಲಿಸುತ್ತದೆ. ವಂಶಾವಳಿ, ಸಮಾಧಿಯ ಕಲ್ಲು, ಕುಟುಂಬದ ಚಿತ್ರ ಮೊದಲಾದವುಗಳ ಮೇಲೆ ಇರುವ ಬರಹವನ್ನು ಅದು ಒಪ್ಪಿಕೊಳ್ಳುತ್ತದೆ. ಒಂದು ಕಟ್ಟು ಮಾತ್ರ ಉಂಟು: ವಿವಾದ ಹುಟ್ಟುವುದಕ್ಕಿಂತ ಮುಂಚೆ ಆ ಹೇಳಿಕೆ ಆಗಿರಬೇಕು. ಅರ್ಜುನವಾಡದ ವಂಶಕಥನವನ್ನು ಈ ತಕ್ಕಡಿಯಲ್ಲಿಟ್ಟು ನೋಡಿದರೆ ಅದು ತೇರ್ಗಡೆಯಾಗುತ್ತದೆ. ಬಸವನಿದ್ದನೆ, ಇಲ್ಲವೆ ಎಂಬ ನಮ್ಮ ವಿವಾದ 1260ರಲ್ಲಿ ಹುಟ್ಟಿರಲಿಲ್ಲ.

ಎರಡನೆಯದು, ಮೂವತ್ತು ವರ್ಷಗಳಿಗೆ ಮೀರಿದ ದಸ್ತೈವಜು ಇರತಕ್ಕ ಸ್ಥಳದಿಂದಲೇ ಬಂದಿದ್ದರೆ, ಅದರ ಕೈಬರಹ ಮತ್ತು ಸಹಿ ನಿಜವೆಂದು ನ್ಯಾಯಾಲಯ ಭಾವಿಸಬಹುದು. ಗಮನಿಸಬೇಕಾದುದು ಇಷ್ಟೆ: ಬರೆದವನು ಬರೆದನೆಂದು ಭಾವಿಸಬಹುದೇ ಹೊರತು, ಬರೆದುದೆಲ್ಲ ಸತ್ಯವೆಂದಲ್ಲ. ಶಾಸನದ ಪ್ರಾಮಾಣ್ಯವನ್ನು ಸಿದ್ಧಪಡಿಸಿದೊಡನೆ ಅದರ ಹೇಳಿಕೆಯೂ ಸಿದ್ಧವಾಯಿತೆಂದು ತಿಳಿಯುವ ನಮ್ಮ ಲೇಖಕರು ಈ ಭೇದವನ್ನು ನ್ಯಾಯಾಲಯದಿಂದ ಕಲಿಯಬೇಕು.

ಮೂರನೆಯದು, ದಿವಾಣಿ ದಾವೆಗೆ ಸಂಭವದ ಹೆಚ್ಚಳ ಸಾಕು. ಫೌಜದಾರಿ ಪ್ರಕರಣದಲ್ಲಿ ಯುಕ್ತವಾದ ಸಂಶಯಕ್ಕೆ ಎಡೆಯಿಲ್ಲದಂತೆ ಅಪರಾಧ ಸಿದ್ಧವಾಗಬೇಕು. ಸಾಕ್ಷ್ಯ ಅದೇ, ನ್ಯಾಯಾಧೀಶನೂ ಅವನೇ ಆಗಿರಬಹುದು. ಆದರೆ ತಪ್ಪಿದರೆ ಯಾರಿಗೆ ಎಷ್ಟು ಹಾನಿ ಎಂಬುದರ ಮೇಲೆ ಬೇಕಾದ ತೂಕ ಬದಲಾಗುತ್ತದೆ. ನ್ಯಾಯಾಲಯ ತೀರ್ಪನ್ನು ಕೊಡಲೇಬೇಕು. ಇತಿಹಾಸಕಾರನಿಗೆ ಆ ಒತ್ತಾಯವಿಲ್ಲ. ತೀರ್ಪನ್ನು ಕಾದಿರಿಸುವ ಸ್ವಾತಂತ್ರ್ಯ ಅವನ ದೊಡ್ಡ ಸಂಪತ್ತು.

5. ಅಂಕಿತವೂ ಸಹಿಯೂ

ವಚನಗಳ ವಿಷಯದಲ್ಲಿ ಸಂಪಾದಕನ ತಕ್ಕಡಿ ಮತ್ತೊಂದು ಬಗೆಯದು. ಕೂಡಲಸಂಗಮದೇವ ಎಂಬ ಅಂಕಿತವಿದ್ದರೆ ವಚನ ಬಸವಣ್ಣನವರದು ಎನ್ನುವುದು ವಾಡಿಕೆ. ಅಂಕಿತ ಸಹಿಯಂತೆ ತೋರಿದರೂ ಸಹಿಯಲ್ಲ. ಸಹಿ ಬರೆದವನ ಕೈಯದು; ಅಂಕಿತವನ್ನು ಪ್ರತಿಮಾಡುವವನೂ ಬರೆಯಬಲ್ಲನು, ಹಾಡುವವನೂ ನುಡಿಯಬಲ್ಲನು. ನಮಗೆ ದೊರೆತಿರುವ ಓಲೆಗಳು ಶರಣರ ಕಾಲದಿಂದ ಶತಮಾನಗಳ ಈಚಿನವು. ಒಂದು ಪ್ರತಿಯಲ್ಲಿ ಒಬ್ಬರದಾದ ವಚನ ಮತ್ತೊಂದರಲ್ಲಿ ಇನ್ನೊಬ್ಬರ ಹೆಸರಿನಲ್ಲಿ ಬರುವುದನ್ನು ಸಂಪಾದಕರು ಬಲ್ಲರು. 1993ರಲ್ಲಿ ಡಾ. ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಹದಿನೈದು ಸಂಪುಟಗಳಾಗಿ ಹೊರಬಂದ ಸಮಗ್ರ ವಚನ ಸಂಪುಟಗಳ ಹಿಂದೆ ಇಂತಹ ತೂಗಾಟದ ದೀರ್ಘ ಪರಿಶ್ರಮವಿದೆ.

ಸಂಪಾದಕನು ಪ್ರತಿಗಳನ್ನು ಎಣಿಸುವುದಿಲ್ಲ, ಅವುಗಳ ಸಂಬಂಧವನ್ನು ಹುಡುಕುತ್ತಾನೆ. ಒಂದೇ ಮೂಲದಿಂದ ಇಳಿದ ಹತ್ತು ಪ್ರತಿಗಳು ಒಂದೇ ತಪ್ಪನ್ನು ಹತ್ತು ಸಲ ಹೇಳುತ್ತವೆ. ಅವನ ಈ ಪಾಠ ಇತಿಹಾಸಕಾರನಿಗೂ ಸಲ್ಲುತ್ತದೆ. ಆದರೆ ಬಸವನ ಹೆಸರಿನ ವಚನವೊಂದನ್ನು ಎತ್ತಿಕೊಂಡು ಹನ್ನೆರಡನೆಯ ಶತಮಾನದ ಕಲ್ಯಾಣದ ರಾಜಕೀಯವನ್ನು ಬರೆಯುವ ಉತ್ಸಾಹಿಗಳು ಓಲೆಯ ಪ್ರಾಯವನ್ನು ಕೇಳುವುದೇ ಇಲ್ಲ. ಶಾಸನದ ಬಗೆಗೆ ಅತಿ ಭಕ್ತಿ, ಸಾಹಿತ್ಯದ ಬಗೆಗೆ ಅತಿ ಸಲಿಗೆ ಎರಡೂ ಒಂದೇ ಮನೋವೃತ್ತಿಯ ಎರಡು ಮುಖಗಳು.

6. ಲಚ್ಯಾಣದಲ್ಲಿ ಕಂಡುದು

ಸೊಲ್ಲಾಪುರ–ವಿಜಯಪುರ ರೈಲು ಮಾರ್ಗದ ಮೇಲಿರುವ ಇಂಡಿ ತಾಲೂಕಿನ ಲಚ್ಯಾಣ ಸಿದ್ಧಲಿಂಗ ಮಹಾರಾಜರ ಮಠದಿಂದ ಈ ಭಾಗದಲ್ಲಿ ಹೆಸರಾದ ಊರು. ವಿದ್ಯಾರ್ಥಿಗಳೊಡನೆ ನಾವು ಅಲ್ಲಿಗೆ ಹೋಗಿದ್ದಾಗ ಮಹಾರಾಜರನ್ನು ಕುರಿತು ಜನರು ಹೇಳುವ ಕಥೆಗಳನ್ನು ಬರೆದುಕೊಳ್ಳುತ್ತಿದ್ದೆವು. ನಮ್ಮಲ್ಲೊಬ್ಬನು ಕಥೆ ಹೇಳುತ್ತಿದ್ದ ಹಿರಿಯರನ್ನು, ‘ಇದಕ್ಕೆ ಶಾಸನದ ಆಧಾರವುಂಟೆ?’ ಎಂದು ಕೇಳಿಬಿಟ್ಟನು. ಆ ಹಿರಿಯರು ಸಿಟ್ಟಾಗಲಿಲ್ಲ. ‘ತಮ್ಮಾ, ಕಲ್ಲಿನ ಮ್ಯಾಲ ಬರಿಸಿದಾವ್ರೂ ಮನಶ್ಯಾರ ಅಲ್ಲೇನು?’ ಎಂದರು. ಮೇಲೆ ಇಷ್ಟು ಪುಟಗಳಲ್ಲಿ ನಾವು ಹೇಳಲು ಯತ್ನಿಸಿದುದನ್ನು ಅವರು ಒಂದೇ ಮಾತಿನಲ್ಲಿ ಹೇಳಿದ್ದರು.

ಅದೇ ಊರು 2024ರ ಏಪ್ರಿಲ್ ತಿಂಗಳಲ್ಲಿ ದೇಶದ ಗಮನವನ್ನು ಸೆಳೆಯಿತು. ಎರಡು ವರುಷವೂ ತುಂಬದ ಕೂಸೊಂದು ತೆರೆದ ಕೊಳವೆಬಾವಿಯಲ್ಲಿ ಬಿದ್ದಿತು. ಒಳಗೆ ಇಳಿಬಿಟ್ಟ ಕ್ಯಾಮೆರಾದಲ್ಲಿ ಕಾಲಿನ ಚಲನೆ ಕಂಡಿತು. ವಿಪತ್ತು ನಿರ್ವಹಣೆಯ ಪಡೆಗಳವರು ಪಕ್ಕದಲ್ಲಿಯೇ ಗುಂಡಿ ತೋಡಿ, ಸುಮಾರು ಇಪ್ಪತ್ತು ಗಂಟೆಗಳ ಶ್ರಮದ ಬಳಿಕ ಕೂಸನ್ನು ಜೀವಂತವಾಗಿ ಹೊರತೆಗೆದರು.

ಈ ಘಟನೆಯನ್ನು ಸಂಶೋಧನೆಯ ಪತ್ರಿಕೆಯಲ್ಲಿ ಏಕೆ ತರಬೇಕೆಂದು ಓದುಗರು ಕೇಳಬಹುದು. ಮಸುಕಾದ ಚಿತ್ರದಲ್ಲಿ ಪುಟ್ಟ ಕಾಲಿನ ಅಲುಗಾಟ: ಸಾಕ್ಷ್ಯವೆಂದರೆ ಅಷ್ಟೆ. ಆ ಚಲನೆಯೂ ಕಾಣದಿದ್ದಲ್ಲಿ ಅಗೆಯುವುದನ್ನು ಬಿಡುತ್ತಿದ್ದರೆ? ಬಿಡುತ್ತಿರಲಿಲ್ಲ, ಬಿಡಲೂಬಾರದು. ಕೂಸು ಬದುಕಿದೆಯೆಂದು ನಂಬಿ ತಪ್ಪಿದರೆ ನಷ್ಟವಾಗುವುದು ಒಂದು ದಿನದ ಶ್ರಮ. ಬದುಕಿಲ್ಲವೆಂದು ನಂಬಿ ತಪ್ಪಿದರೆ ಒಂದು ಜೀವ. ಅಲ್ಲಿ ಸಾಕ್ಷ್ಯಕ್ಕೆ ಕಾಯುತ್ತ ಕೂಡುವುದೇ ತಪ್ಪು. ವೈದ್ಯನ ಸ್ಥಿತಿಯೂ ಹಲವು ವೇಳೆ ಇಂತಹುದೇ. 1948ರಲ್ಲಿ ಬ್ರಿಟನ್ನಿನಲ್ಲಿ ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಔಷಧಿಯ ಪರೀಕ್ಷೆಯ ಫಲ ಪ್ರಕಟವಾದಂದಿನಿಂದ, ರೋಗಿಗಳನ್ನು ಚೀಟಿಯೆತ್ತಿದಂತೆ ಎರಡು ಗುಂಪು ಮಾಡಿ ಹೋಲಿಸುವ ಕ್ರಮ ವೈದ್ಯಶಾಸ್ತ್ರದಲ್ಲಿ ಮಾದರಿಯಾಯಿತು. ಹಾಗಿದ್ದೂ ಮುಂದೆ ಮಲಗಿರುವ ರೋಗಿಗೆ ಪರೀಕ್ಷೆಯ ಫಲ ಬರುವವರೆಗೆ ಕಾಯಿರೆಂದು ಹೇಳಲಾಗದು.

ಇತಿಹಾಸಕಾರನ ಸ್ಥಿತಿ ಇದಕ್ಕೆ ವಿರುದ್ಧವಾದುದು. ಅವನು ಕಾಯಬಲ್ಲನು. ಕಾಯಬಲ್ಲವನು ಅವಸರಪಟ್ಟರೆ ಅವನಿಗೆ ಕ್ಷಮೆಯಿಲ್ಲ. ಅವನ ತಪ್ಪಿನಿಂದ ಯಾರ ಜೀವವೂ ಹೋಗದೆಂಬುದು ನಿಜ. ಆದರೆ ಹುಟ್ಟಿದೂರು, ಜಾತಿ, ಜಯಂತಿಯ ತಿಥಿ ಇವುಗಳಿಗಾಗಿ ಊರು ಊರುಗಳು ಸೆಣಸುವ ನಮ್ಮ ನಾಡಿನಲ್ಲಿ, ಅವಸರದ ಒಂದು ಗುರುತು ಪಠ್ಯಪುಸ್ತಕವನ್ನು ಹೊಕ್ಕು, ಪುಸ್ತಕದಿಂದ ಫಲಕಕ್ಕೆ ಏರಿ, ಫಲಕದಿಂದ ಮತ್ತೆ ಶಾಸನದಷ್ಟೇ ಗಟ್ಟಿಯಾದ ನಂಬಿಕೆಯಾಗುತ್ತದೆ. ಅದನ್ನು ಕೀಳಲು ಒಂದು ತಲೆಮಾರು ಸಾಲದು.

ಉಪಸಂಹಾರ

ಮೇಲಿನ ವಿಚಾರದಿಂದ ಹೊರಡುವ ತಾತ್ಪರ್ಯವನ್ನು ಸಂಗ್ರಹಿಸಬಹುದು. ಸಾಕ್ಷ್ಯದ ತೂಕ ಅದು ಕಲ್ಲಿನ ಮೇಲಿದೆಯೇ, ಓಲೆಯ ಮೇಲಿದೆಯೇ, ನಾಲಗೆಯ ಮೇಲಿದೆಯೇ ಎಂಬುದರಿಂದ ನಿರ್ಧಾರವಾಗದು. ಹೇಳುವವನಿಗೆ ತಿಳಿಯುವ ಅವಕಾಶವಿತ್ತೆ? ಹೇಳಿದುದರಿಂದ ಅವನಿಗೆ ಲಾಭವಿತ್ತೆ? ಅವನು ಸ್ವತಂತ್ರನೆ, ಇಲ್ಲವೆ ಇನ್ನೊಬ್ಬನ ಮಾತನ್ನೇ ಮರುನುಡಿದವನೆ? ಮೌನವಾಗಿದ್ದರೆ, ನುಡಿಯಬೇಕಾದ ಸ್ಥಳದಲ್ಲಿ ಮೌನವಾಗಿದ್ದಾನೆಯೆ? ಕೊನೆಗೆ, ನಾವು ತಪ್ಪಿದರೆ ಯಾರಿಗೆ ಏನು ಹಾನಿ? ಈ ಪ್ರಶ್ನೆಗಳು ನ್ಯಾಯವಾದಿಗೂ ವೈದ್ಯನಿಗೂ ಸಂಪಾದಕನಿಗೂ ಇತಿಹಾಸಕಾರನಿಗೂ ಸಮಾನ. ಉತ್ತರಗಳ ಬೆಲೆಕಟ್ಟುವುದರಲ್ಲಿ ಮಾತ್ರ ಅವರವರ ಶಾಸ್ತ್ರ ಬೇರೆ.

ಈ ದೃಷ್ಟಿಯಿಂದ ನೋಡಿದಾಗ, ಬಾಗೇವಾಡಿಯ ಮಾದಿರಾಜನ ಮಗ ಬಸವನು ಐತಿಹಾಸಿಕ ಪುರುಷನೆಂಬುದು ದೃಢವಾಗಿ ನಿಲ್ಲುತ್ತದೆ. ಮನಗೂಳಿಯ ಶಾಸನದ ಆಸರೆ ಅದಕ್ಕೆ ಬೇಕಿಲ್ಲ. ಇಲ್ಲದ ಆಸರೆಯನ್ನು ಕೊಟ್ಟು ನಿಲ್ಲಿಸಿದ ಸತ್ಯ, ಆ ಆಸರೆ ಕುಸಿದ ದಿನ ತಾನೂ ಕುಸಿದಂತೆ ಕಾಣುತ್ತದೆ. ಚಂದಿರಾಜನ ಮಗನಾದ ಬಸವನಿಗೂ ನ್ಯಾಯ ಸಲ್ಲಬೇಕು. ಮಣಿಗವಳ್ಳಿಯಲ್ಲಿ ಗುಡಿ ಕಟ್ಟಿಸಿ, ಸಚ್ಚರಿತನಾಗಿ ಬಾಳಿ, ಊರವರ ಗೌರವಕ್ಕೆ ಪಾತ್ರನಾದ ಅವನನ್ನು ಇನ್ನೊಬ್ಬನ ನೆರಳಾಗಿ ಅಲ್ಲದೆ ಅವನಾಗಿಯೇ ಓದುವ ಕೆಲಸ ಇನ್ನೂ ಉಳಿದಿದೆ. ನಮ್ಮ ವಿದ್ಯಾರ್ಥಿಗಳಲ್ಲಿ ಯಾರಾದರೂ ಅದನ್ನು ಕೈಕೊಂಡರೆ, ‘ಚಂದಿರಾಜ ಯಾರು?’ ಎಂಬ ಪ್ರಶ್ನೆಗೆ ನಾವು ಕೊಡಲಾರದೆ ಹೋದ ಉತ್ತರ ಆಗ ದೊರೆಯಬಹುದು.